ಕಾಯಿ ಹಣ್ಣಾಗದ ಆಟಗಳು

ಕಳೆದ ಮೂರು ತಿಂಗಳಲ್ಲಿ ಮೂರು ವಿಡಿಯೊ ಗೇಮ್‌ಗಳನ್ನು ಆಡಿ ಮುಗಿಸಿದೆ. ಹಾಗಂತ ಗೆಳೆಯರ ನಡುವೆ ಹೇಳಿದಾಗ ಒಬ್ಬರು, ‘ಎಷ್ಟು ಕಳ್ಕೊಂಡ್ರಿ?’ ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ನಮ್ಮಲ್ಲಿ ‘ಗೇಮ್’ ಎಂಬ ಮಾತು ಸುದ್ದಿಯಾಗುವುದೇ ರಮ್ಮಿ, ಸಾಲ, ಪೊಲೀಸ್ ದೂರು, ಓದು ಬಿಟ್ಟ ಮಗ ಇವುಗಳ ಜತೆಯಲ್ಲಿ. ‘ಕಾದಂಬರಿ ಓದಿ ಮುಗಿಸಿದೆ’ ಅಂದರೆ ಹೇಗಿತ್ತು ಎಂದು ಕೇಳುತ್ತಾರೆ. ‘ಗೇಮ್ ಮುಗಿಸಿದೆ’ ಅಂದರೆ ಹಾಗೆ ಕೇಳುವ ರೂಢಿ ಕನ್ನಡದಲ್ಲಿನ್ನೂ ಬಂದಿಲ್ಲ. ನಮ್ಮ ಸಿನಿಮಾ ರೌಡಿಗಳ ಬಾಯಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ, ಅದಿರಲಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಎರಡೇ ದಿನದಲ್ಲಿ ಅಂಗೀಕರಿಸಿತು. 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣ ಕಟ್ಟಿ ಆಡುವ ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಹಳೆಯ ತಕರಾರನ್ನು ಬದಿಗೆ ಸರಿಸಿ, ಎರಡನ್ನೂ ಅದು ನಿಷೇಧಿಸಿತು. ಕರ್ನಾಟಕ ಎಡವಿದ್ದು ಇದೇ ತಕರಾರಿನಲ್ಲಿ. 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತ್ತು. ಕೇಂದ್ರದ ಕಾಯ್ದೆ ಆಟಗಳನ್ನು ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ ಎಂದು ಮೂರು ಪಾಲು ಮಾಡಿದೆ. ಜೂಜಿನ ಬಗ್ಗೆ ನನಗೆ ಯಾವ ಮಮಕಾರವೂ ಇಲ್ಲ. ಆದರೆ ಆಟವೊಂದು ನಮ್ಮಿಂದ ಕಿತ್ತುಕೊಳ್ಳುವುದು ಹಣವನ್ನು ಮಾತ್ರವೇ? ಹೊತ್ತನ್ನು ಅಳೆಯುವ ಕಲಂ ಈ ಕಾಯ್ದೆಯಲ್ಲಿಲ್ಲ. ಅದು ಕಾನೂನಿನ ಕೆಲಸವೂ ಅಲ್ಲ ಅನ್ನಿ. ನಾವು ನಾವೇ ಮಾತಾಡಿಕೊಂಡು ಬಿಡಿಸಿಕೊಳ್ಳಬೇಕಾದ ಲೆಕ್ಕ ಅದು.

ಚೌಕಾಬಾರ ಆಡಿದವರಿಗೆ ಈ ಲೆಕ್ಕ ಗೊತ್ತು. ಕವಡೆ ಹಾಕಿ ಗರ ಬಿದ್ದಂತೆ ನಡೆಸುವುದು ‘ಕಾಯಿ’. ಅದು ಸುತ್ತು ಮುಗಿಸಿ ನಡುಮನೆ ಸೇರಿದರೆ ‘ಹಣ್ಣು’. ನಾಲ್ಕೂ ಕಾಯಿ ಹಣ್ಣಾದವನು ಎದ್ದು ಕೈ ತೊಳೆದು ಊಟಕ್ಕೆ ಹೋಗಬಹುದು. ಗೆಲುವಿಗೆ ಇಂಥ ಪದ ಇಟ್ಟವರಿಗೆ ಆಟ ಮಾಗಬೇಕು, ಮಾಗಿದ ಮೇಲೆ ಕಳಚಿಕೊಳ್ಳಬೇಕು ಎಂಬ ಅರಿವಿತ್ತೇನೋ. ಫೋನು, ಕಂಪ್ಯೂಟರಿನ ಆಟಗಳನ್ನು ಈ ಪದ ಇಟ್ಟುಕೊಂಡು ನೋಡಿದರೆ ಎರಡು ಜಾತಿ ಕಾಣುತ್ತವೆ: ಕಾಯಿ ಹಣ್ಣಾಗುವಂಥವು, ಹಣ್ಣಾಗಲು ಬಿಡದಂಥವು. ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ಬೈಗುಳ ಬೈಯುತ್ತಿರುವುದು ನಮ್ಮ ಚರ್ಚೆಯ ದೊಡ್ಡ ಎಡವಟ್ಟು.

ಹಣ್ಣಾದವುಗಳ ಕಥೆ ಮೊದಲು ಹೇಳುತ್ತೇನೆ.

‘ರಿಟರ್ನ್ ಆಫ್ ದಿ ಓಬ್ರಾ ಡಿನ್’ 2018ರ ಆಟ. ಜಪಾನಿನಲ್ಲಿ ನೆಲೆಸಿರುವ ಅಮೆರಿಕದ ಲ್ಯೂಕಸ್ ಪೋಪ್ ಇದನ್ನು ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ. 1802ರಲ್ಲಿ ಲಂಡನ್ ಬಿಟ್ಟ ಈಸ್ಟ್ ಇಂಡಿಯಾ ಕಂಪನಿಯ ಸರಕು ಹಡಗೊಂದು ಕಾಣೆಯಾಗಿ, 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನೇ ತೇಲಿಕೊಂಡು ಬರುತ್ತದೆ. ಅದರಲ್ಲಿ ಜೀವಂತ ನರಪಿಳ್ಳೆ ಇಲ್ಲ. ಆಡುವವರು ಕಂಪನಿಯ ವಿಮೆ ತನಿಖಾಧಿಕಾರಿ. ಹಡಗಿನಲ್ಲಿದ್ದ 60 ಮಂದಿಯಲ್ಲಿ ಯಾರು ಯಾರು, ಯಾರು ಹೇಗೆ ಸತ್ತರು, ಕೊಂದವರಾರು ಎಂದು ಒಂದು ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲೊಂದು ಮಾಯಾ ಗಡಿಯಾರವಿದೆ. ಅಸ್ಥಿಪಂಜರದ ಮುಂದೆ ಅದನ್ನು ತೆರೆದರೆ ಮೊದಲು ಕತ್ತಲಲ್ಲಿ ಸತ್ತವನ ಕೊನೆಯ ಮಾತು, ಸದ್ದು ಕೇಳುತ್ತದೆ. ಆಮೇಲೆ ಆ ಸಾವಿನ ಕ್ಷಣ ಕಲ್ಲಾಗಿ ನಿಂತಿರುತ್ತದೆ. ಅದರೊಳಗೆ ನಾವು ಓಡಾಡಬಹುದು. ಬಣ್ಣವಿಲ್ಲ. ಹಳೆಯ ಮ್ಯಾಕಿಂತೋಷ್ ಕಂಪ್ಯೂಟರಿನ ಹಾಗೆ ಬರೀ ಕಪ್ಪು ಬಿಳಿ ಚುಕ್ಕಿ.

ಆಟದಲ್ಲಿ ಗುಂಡು ಹಾರಿಸುವಂತಿಲ್ಲ, ಓಡುವ ಅವಸರವೂ ಇಲ್ಲ. ನೋಡಬೇಕು, ಅಷ್ಟೆ. ಮೂವರ ವಿವರ ಸರಿಯಾದರೆ ಮಾತ್ರ ಆಟ ‘ಹೌದು’ ಅನ್ನುತ್ತದೆ. ಒಂದೊಂದಾಗಿ ಊಹಿಸಿ ಗುದ್ದಾಡುವವರಿಗೆ ದಾರಿ ಬಂದ್. ಒಂದು ಹಂತದಲ್ಲಿ ನಾನು ವಾರವಿಡೀ ನಿಂತಲ್ಲೇ ನಿಂತೆ. ನಾವಿಕರು ಮಲಗುವ ಕೋಣೆಯ ದೃಶ್ಯಕ್ಕೆ ಹತ್ತನೇ ಸಲ ಹೋದಾಗ ತೂಗುಮಂಚಗಳಿಗೆ ಚೀಟಿ ಕಟ್ಟಿರುವುದು ಕಂಡಿತು. ಚೀಟಿಯ ಮೇಲೆ ಸಂಖ್ಯೆ. ಸಿಬ್ಬಂದಿ ಪಟ್ಟಿಯಲ್ಲೂ ಸಂಖ್ಯೆ! ಮಂಚದಿಂದ ಹೊರಗೆ ಚಾಚಿದ ಕಾಲಿನ ಬೂಟನ್ನು ನೆನಪಿಟ್ಟುಕೊಂಡು, ಮುಂದಿನ ಸಾವಿನಲ್ಲಿ ಅದೇ ಬೂಟು ಯಾರ ಕಾಲಲ್ಲಿದೆ ಎಂದು ಬಗ್ಗಿ ನೋಡುತ್ತಾ ರಾತ್ರಿ ಒಂದು ಗಂಟೆಯಾಯಿತು. ಯಾವ ಪತ್ತೇದಾರಿ ಕಾದಂಬರಿಯೂ ನನಗೆ ಈ ಖುಷಿ ಕೊಟ್ಟಿಲ್ಲ. ಅಲ್ಲಿ ಪತ್ತೇದಾರ ಕಂಡುಹಿಡಿಯುತ್ತಾನೆ, ನಾವು ತಲೆದೂಗುತ್ತೇವೆ. ಇಲ್ಲಿ ನಾನು ನೋಡದಿದ್ದರೆ ಆ ಬೂಟು ಯಾರಿಗೂ ಕಾಣುವುದಿಲ್ಲ.

ಪಟ್ಟಿಯಲ್ಲಿ ಭಾರತದವರೂ ಇದ್ದಾರೆ. ಒಬ್ಬನ ಹೆಸರು ಜುಂಗಿ ಸಾಥಿ, ಇನ್ನೊಬ್ಬನದು ರೆನ್‌ಫ್ರೆಡ್ ರಾಜುಬ್. ಇಂಥ ಹೆಸರಿನ ಭಾರತೀಯನನ್ನು ನಾನಂತೂ ಕಂಡಿಲ್ಲ. ಮೊದಲು ನಕ್ಕೆ. ಆಮೇಲೆ ಯೋಚನೆ ಬಂತು. ಕಂಪನಿಯ ಹಡಗುಗಳಲ್ಲಿ ದುಡಿದ ‘ಲಸ್ಕರ್’ಗಳೆಂಬ ನಮ್ಮ ನಾವಿಕರ ಹೆಸರು ಲಂಡನ್ನಿನ ಗುಮಾಸ್ತನ ಕಿವಿಗೆ ಬಿದ್ದು ಲೇಖನಿಗೆ ಇಳಿಯುವಷ್ಟರಲ್ಲಿ ಯಾವ ರಜಬ್ ‘ರಾಜುಬ್’ ಆದನೋ ಯಾರಿಗೆ ಗೊತ್ತು? ಪೋಪ್ ಇದನ್ನು ಬೇಕೆಂದೇ ಮಾಡಿದನೋ, ಗೊತ್ತಿಲ್ಲದೆ ಎಡವಿದನೋ ಬೇರೆ ಮಾತು. ಭಾರತೀಯರಲ್ಲಿ ಇಬ್ಬರು ಯಾವ ಕಾಳಗಕ್ಕೂ ಮೊದಲೇ ಶ್ವಾಸಕೋಶದ ಕಾಯಿಲೆಯಿಂದ ಸಾಯುತ್ತಾರೆ. ಮಿಕ್ಕವರ ಸಾವಿಗೆ ಪಿಸ್ತೂಲು, ಕತ್ತಿ, ಸಮುದ್ರದ ಭೂತಗಳೆಂದು ದೊಡ್ಡ ದೊಡ್ಡ ಕಾರಣ. ಇವರಿಗೆ ಬರೀ ಕೆಮ್ಮು. ಅವರಿಬ್ಬರಲ್ಲಿ ಯಾರು ಯಾರೆಂದು ಬಿಡಿಸಲು ನನಗೆ ಹಿಡಿದಷ್ಟು ಹೊತ್ತು ಹಡಗಿನ ಕಪ್ತಾನನನ್ನು ಗುರುತಿಸಲೂ ಹಿಡಿದಿರಲಿಲ್ಲ.

ಎರಡನೆಯದು ‘ವೆಂಬಾ’. 2023ರಲ್ಲಿ ಬಂದ, ಕೆನಡಾದ ಟೊರಾಂಟೊದ ಪುಟ್ಟ ತಂಡವೊಂದು ಮಾಡಿದ ಆಟ. ಮರುವರ್ಷ ಹೊಸಬರ ಮೊದಲ ಆಟಕ್ಕೆ ಸಲ್ಲುವ ಬಾಫ್ಟಾ ಪ್ರಶಸ್ತಿಯನ್ನೂ ಪಡೆಯಿತು. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಂಬಾ, ಗಂಡ ಪಾವಲನ್, ಅಲ್ಲೇ ಹುಟ್ಟಿದ ಮಗ ಕವಿನ್ ಇದರ ಸಂಸಾರ. ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದು ಮಸುಕಾಗಿದೆ. ಅಳಿಸಿಹೋದ ಸಾಲುಗಳನ್ನು ಊಹಿಸಿ ನಾವು ಅಡುಗೆ ಮಾಡಬೇಕು.

ಮೊದಲ ಅಡುಗೆ ಇಡ್ಲಿ. ಭಾನುವಾರ ಮಧ್ಯಾಹ್ನ ನಾನು ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೆ. ಹಿಂದೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ ಕನ್ನಡಕದ ಮೇಲಿಂದ ನೋಡಿ, ‘ಅಯ್ಯೋ, ಹಾಗಿಟ್ರೆ ಮೇಲಿನ ತಟ್ಟೆ ಕೆಳಗಿನ ಇಡ್ಲಿಗೆ ಅಂಟ್ಕೊಳತ್ತೆ. ಗುಳಿ ಮೇಲೆ ಗುಳಿ ಬರಬಾರದು, ತಿರುಗ್ಸಿ ಇಡು’ ಅಂದರು. ಅದೇ ಆ ಒಗಟಿಗೆ ಉತ್ತರ. ವಿಡಿಯೊ ಗೇಮ್ ಎಂದರೆ ಮೂಗು ಮುರಿಯುವ ಅಮ್ಮ ಮೊದಲ ಹಂತವನ್ನು ಕೂತಲ್ಲೇ ಗೆದ್ದಿದ್ದರು. ಆಟ ಒಂದೂವರೆ ಗಂಟೆಯಷ್ಟು. ಅವರು ಎದ್ದು ಹೋಗಲಿಲ್ಲ. ಪುಟ್ಟು ಬೇಯಿಸುವಾಗ, ‘ನಮ್ಮ ಕಡೆ ಇದಿಲ್ಲಪ್ಪ’ ಎಂದು ಸುಮ್ಮನಾದರು. ಮಗ ದೊಡ್ಡವನಾಗಿ, ತಮಿಳು ಓದಲು ತಡವರಿಸುತ್ತಾ ಅದೇ ಪುಸ್ತಕ ಹಿಡಿದು ನಿಂತಾಗ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟರು. ಅಮೆರಿಕದಲ್ಲಿರುವ ಮೊಮ್ಮಕ್ಕಳ ಜತೆ ಪ್ರತಿ ಶನಿವಾರ ವಿಡಿಯೊ ಕಾಲ್‌ನಲ್ಲಿ, ‘ಊಟ ಆಯ್ತಾ?’ ಆದಮೇಲೆ ಇನ್ನೇನು ಕೇಳುವುದೆಂದು ತೋಚದೆ ಕೂರುವವರು ಅವರು.

ಹಾಗೆಂದು ‘ವೆಂಬಾ’ ಕುಂದಿಲ್ಲದ ಕೃತಿಯೇನಲ್ಲ. ಮಗನ ಪಾತ್ರವನ್ನು ಅವಸರದಲ್ಲಿ ದಾಟಿಸಿಬಿಟ್ಟಿದ್ದಾರೆ. ವರ್ಷಗಳು ಧಡಧಡನೆ ಹಾರುತ್ತವೆ. ಅಡುಗೆ ಕೆಟ್ಟರೂ ಮತ್ತೆ ಮೊದಲಿನಿಂದ ಮಾಡಬಹುದಾದ್ದರಿಂದ ಕೆಡಿಸಿದ ನೋವು ತಟ್ಟುವುದಿಲ್ಲ. ಇಂಥ ಆಕ್ಷೇಪಗಳನ್ನು ಸಿನಿಮಾದ ಬಗ್ಗೆ ನಾವು ಕಾಫಿ ಕುಡಿಯುತ್ತಾ ಎತ್ತುತ್ತೇವೆ. ಆಟದ ಬಗ್ಗೆ ಎತ್ತಲು ಜತೆಗಾರರೇ ಸಿಗುವುದಿಲ್ಲ.

ಮೂರನೆಯದರ ಬಗ್ಗೆ ಹೆಚ್ಚು ಹೇಳಿದರೆ ಆಡುವವರಿಗೆ ಅನ್ಯಾಯವಾದೀತು. 2017ರ ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ ಒಂದು ಮನೆತನದ ಸಾವುಗಳ ಕಥೆ. ಅದರಲ್ಲೊಬ್ಬ ಮೀನು ಡಬ್ಬಿ ಕಾರ್ಖಾನೆಯ ಕೆಲಸಗಾರ. ಬಲ ಹೆಬ್ಬೆರಳಿನಿಂದ ಮೀನನ್ನು ಎಳೆದು ಕತ್ತಿಗೆ ಕೊಟ್ಟು ಆಚೆ ತಳ್ಳುತ್ತಿರಬೇಕು. ಅದೇ ಹೊತ್ತಿಗೆ ಎಡ ಹೆಬ್ಬೆರಳಿನಿಂದ ಅವನ ಹಗಲುಗನಸಿನ ರಾಜ್ಯದಲ್ಲಿ ನಡೆಯಬೇಕು. ಕನಸು ಹಿಗ್ಗುತ್ತಾ ಹೋಗಿ ತೆರೆಯನ್ನೇ ಆವರಿಸುತ್ತದೆ. ಸ್ವಲ್ಪ ಹೊತ್ತಿಗೆ ಬಲಗೈ ಮೀನು ಕತ್ತರಿಸುತ್ತಲೇ ಇದೆ ಎಂಬುದು ನನಗೆ ಮರೆತೇಹೋಗಿತ್ತು. ದುಡಿಮೆ ಮನುಷ್ಯನನ್ನು ಯಂತ್ರ ಮಾಡುತ್ತದೆ ಎಂದು ಎಷ್ಟೋ ಕಡೆ ಓದಿದ್ದೇನೆ. ನನ್ನ ಹೆಬ್ಬೆರಳಿಗೆ ಅದು ಗೊತ್ತಾದದ್ದು ಇಲ್ಲೇ.

ಇನ್ನೊಂದು ಜಾತಿಗೆ ಬರೋಣ. 2012ರಲ್ಲಿ ಬಂದ ಕ್ಯಾಂಡಿ ಕ್ರಷ್‌ನಲ್ಲಿ ಐದು ‘ಜೀವ’. ಹಂತ ದಾಟಲಾಗದೆ ಸೋತಾಗೆಲ್ಲ ಒಂದು ಹೋಗುತ್ತದೆ, ಮರಳಿ ಬರಲು 30 ನಿಮಿಷ. ಕಾಯಲಾರದವರು ದುಡ್ಡು ಕೊಟ್ಟು ತುಂಬಿಸಿಕೊಳ್ಳಬಹುದು. ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡವನೂ ಗರ ಬೀಳುವವರೆಗೆ ಕಾಯುತ್ತಿದ್ದ; ಆ ಕಾಯುವಿಕೆ ಆಟದ ಭಾಗ. ಇಲ್ಲಿ ಕಾಯುವಿಕೆಯೇ ಮಾರಾಟದ ಸರಕು. ಹಂತಗಳು ಸಾವಿರಾರಿವೆ, ಹೊಸವು ಸೇರುತ್ತಲೇ ಇರುತ್ತವೆ. ಈಗಿನ ಗುಂಡಿನ ಆಟಗಳಲ್ಲಿ ಇದೇ ತಂತ್ರ ‘ಸೀಸನ್’, ‘ಬ್ಯಾಟಲ್ ಪಾಸ್’, ‘ಡೈಲಿ ರಿವಾರ್ಡ್’ ಎಂದು ವೇಷ ಬದಲಿಸಿದೆ. ನೆಂಟರ ಮದುವೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಧಾರೆ ಹೊತ್ತಿನಲ್ಲಿ ಛತ್ರದ ಮೂಲೆ ಸೇರಿ ಫೋನ್ ಒತ್ತುತ್ತಿದ್ದ. ಆಡ್ತಿದ್ದೀಯಾ ಎಂದರೆ, ‘ಇಲ್ಲ ಅಂಕಲ್, ಬರೀ ಲಾಗಿನ್. ಇವತ್ತು ತಪ್ಪಿದ್ರೆ 26 ದಿನದ ಸ್ಟ್ರೀಕ್ ಹೋಗತ್ತೆ’ ಎಂದ. ಆಟದ ಹೆಸರು ಇಲ್ಲಿ ಬೇಡ. ಅವನು ಆಡುತ್ತಿರಲಿಲ್ಲ, ಹಾಜರಿ ಹಾಕುತ್ತಿದ್ದ.

ಗೇಮಿಂಗ್ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಗೆ ಸೇರಿಸಿತು. ಅದಕ್ಕೂ ಮುಂಚೆ, 2014ರಲ್ಲೇ, ಬೆಂಗಳೂರಿನ ನಿಮ್ಹಾನ್ಸ್ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ ‘ಶಟ್’ ಎಂಬ ಕ್ಲಿನಿಕ್ ತೆರೆದಿತ್ತು. ಅಂದರೆ ಕಾಯಿಲೆಯ ಬಗ್ಗೆ ಮಾತಾಡಲು ನಮ್ಮಲ್ಲಿ ವೈದ್ಯರಿದ್ದಾರೆ, ಅಪರಾಧದ ಬಗ್ಗೆ ಮಾತಾಡಲು ಪೊಲೀಸರಿದ್ದಾರೆ. ರುಚಿಯ ಬಗ್ಗೆ ಮಾತಾಡುವವರು ಮಾತ್ರ ಇಲ್ಲ. ಮಕ್ಕಳಿಗೆ ‘ಗೇಮ್ ಆಡಬೇಡ’ ಅನ್ನುತ್ತೇವೆ. ಯಾವುದನ್ನು ಆಡು ಎಂದು ಹೇಳಲು ಬಾಯಿ ಬರುವುದಿಲ್ಲ, ಏಕೆಂದರೆ ನಾವು ಆಡಿಲ್ಲ.

ಮುಗಿಯುವುದೊಂದೇ ಒರೆಗಲ್ಲೇ ಎಂದು ಕೇಳಬಹುದು. ಅಷ್ಟು ಸಲೀಸಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಡ್ರ್ಯಾಗನ್ ಕೊಂದರೆ ಒಂದು ಮುಕ್ತಾಯ ಬರುತ್ತದೆ. ಅಲ್ಲಿಗೆ ನಿಲ್ಲಿಸುವ ಮಕ್ಕಳು ಕಡಿಮೆ. ಮರುದಿನವೂ ಮನೆ ಕಟ್ಟುತ್ತಿರುತ್ತಾರೆ, ಅದರಿಂದ ಯಾರಿಗೂ ನಷ್ಟವಿಲ್ಲ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ಹುಟ್ಟಿಸಿದ ಟೆಟ್ರಿಸ್‌ಗೆ ಕೊನೆಯೆಂಬುದೇ ಇರಲಿಲ್ಲ. ಅದರ ಹಳೆಯ ನಿಂಟೆಂಡೊ ಆವೃತ್ತಿಯನ್ನು 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಪ್ರೋಗ್ರಾಮೇ ಕೈಚೆಲ್ಲಿ ಸ್ತಬ್ಧವಾಗುವವರೆಗೂ ಆಡಿದ. ಕೊನೆಯಿಲ್ಲದ ಆಟವನ್ನೂ ಮುಗಿಸಿ ತೋರಿಸಿದ ಪುಣ್ಯಾತ್ಮ. ಆದರೆ ಟೆಟ್ರಿಸ್ ಯಾವತ್ತೂ ನಡುರಾತ್ರಿ ಫೋನ್ ಅಲುಗಾಡಿಸಿ, ‘ಬಾ, ನಿನ್ನ ಇಟ್ಟಿಗೆ ಕಾಯುತ್ತಿವೆ’ ಎಂದು ಕರೆಯಲಿಲ್ಲ. ಹಾಗಾಗಿ ಒರೆಗಲ್ಲನ್ನು ಸ್ವಲ್ಪ ತಿದ್ದಬೇಕು: ಎದ್ದು ಹೋಗುವವನನ್ನು ಆಟ ಹೋಗಗೊಡುತ್ತದೆಯೇ?

ಕನ್ನಡದಲ್ಲಿ ಈ ಮಾತು ಹುಟ್ಟದಿರುವುದಕ್ಕೆ ಆಟಗಳು ದೂರದೇಶದವು ಎಂಬ ನೆಪ ಹೇಳುವಂತಿಲ್ಲ. ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲೇ ಶುರುವಾದ ಕಂಪನಿ. ‘ಫೋರ್ಜಾ’ದಂಥ ಜಗತ್ಪ್ರಸಿದ್ಧ ಕಾರ್ ರೇಸ್ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಕೊಂಡದ್ದು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್. ಅಂದರೆ ಜಗತ್ತು ಆಡುವ ಆಟಗಳ ಕೆಲಸದಲ್ಲಿ ನಮ್ಮೂರಿನ ಕೈಗಳೂ ಇವೆ. ಯಕ್ಷಗಾನದ ಪ್ರಸಂಗ ಮುಗಿದ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಭಾಗವತರು ಎಲ್ಲಿ ಎಳೆದರು, ವೇಷಧಾರಿ ಎಲ್ಲಿ ಸೋತ ಎಂದು ಊರು ಬರುವವರೆಗೆ ಜಗಳಾಡುವ ಜನ ನಾವು. ಆ ಜಗಳದಿಂದಲೇ ಮೇಳಗಳಿಗೆ ಅಂಕೆ. ನಾಳೆ ಕುಂದಾಪುರದ ಅಡುಗೆಮನೆಯ ಮೇಲೋ, ಕೋಲಾರದ ಚಿನ್ನದ ಗಣಿಯ ಮೇಲೋ ಯಾರಾದರೂ ಆಟ ಮಾಡಿದರೆ ಅದನ್ನು ತೂಗಿ ನೋಡಲು ನಮ್ಮಲ್ಲಿ ಯಾವ ತಕ್ಕಡಿ ಇದೆ?

‘ಓಬ್ರಾ ಡಿನ್’ ಅನ್ನು ನಾನು ಇನ್ನೊಮ್ಮೆ ಆಡಲಾರೆ. ಉತ್ತರವೆಲ್ಲ ಗೊತ್ತಿರುವ ಪ್ರಶ್ನೆಪತ್ರಿಕೆ ಅದು. ಲ್ಯಾಪ್‌ಟಾಪನ್ನು ಅಕ್ಕನ ಮಗನ ಕೈಗೆ ಕೊಟ್ಟೆ. ಬೂಟು, ಮಂಚದ ಸಂಖ್ಯೆ, ಯಾರ ಪಕ್ಕ ಯಾರು ನಿಂತಿದ್ದರು ಎಂದೆಲ್ಲ ಗೀಚಿದ್ದ ನನ್ನ ನೋಟ್‌ಬುಕ್ಕನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಪಿಯುಸಿ ಹುಡುಗ, ಸುಮ್ಮನೆ ಫೋನ್ ಮಾಡುವ ಅಭ್ಯಾಸ ಅವನಿಗಿಲ್ಲ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಕರೆ ಬಂತು. ಹಲೋ ಕೂಡ ಇಲ್ಲ. ‘ಮಾಮಾ, ಮಂಚಕ್ಕೆ ಚೀಟಿ ಇದೆ ಅಲ್ವಾ?’ ನಾನು ಬಾಯಿ ಬಿಡಲಿಲ್ಲ. ‘ಸರಿ, ಹೇಳ್ಬೇಡಿ. 18 ಜನ ಆಯ್ತು, ಇನ್ನು 42’ ಎಂದು ಇಟ್ಟುಬಿಟ್ಟ.