ಬಿಡುವಿನ ವಿನೋದ: ಹೆಣೆದ ದಾರಕ್ಕೆ ತಕ್ಕ ಗಂಟು

ಗಂಟು ಹಾಕುವುದು ಎಲ್ಲರೂ ಬಲ್ಲ ಕೆಲಸ. ಆದುದರಿಂದಲೇ ಅದನ್ನು ಯಾರೂ ಒಂದು ವಿದ್ಯೆಯೆಂದು ಎಣಿಸುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಎಷ್ಟು ಬಗೆಯ ಗಂಟುಗಳಿವೆಯೆಂಬುದನ್ನು ವಾಚಕರು ಒಮ್ಮೆ ಆಲೋಚಿಸಿ ನೋಡಬೇಕು. ಬಾವಿಯ ಕೊಡಕ್ಕೆ ಹಾಕುವುದು ಜೀರುಗುಣಿಕೆ. ಭಾರ ಬಿದ್ದಷ್ಟೂ ಅದು ಬಿಗಿಯುತ್ತದೆ. ಅದೇ ಜೀರುಗುಣಿಕೆಯನ್ನು ಹಸುವಿನ ಕೊರಳಿಗೆ ಹಾಕಿದರೆ ಹಸುವಿನ ಪ್ರಾಣವೇ ಹೋದೀತು. ಹೂ ಕಟ್ಟುವ ಹೆಂಗಸರು ಬಾಳೆಯ ನಾರನ್ನು ನೀರಿನಲ್ಲಿ ನೆನೆಸಿಕೊಂಡೇ ಕೆಲಸಕ್ಕೆ ಕೂಡುತ್ತಾರೆ. ಒಣಗಿದ ನಾರು ಗಂಟಿನ ಬಳಿಯಲ್ಲಿಯೇ ಹರಿಯುವುದೆಂಬುದು ಅವರ ಬೆರಳುಗಳಿಗೆ ತಿಳಿದ ಸಂಗತಿ. ಆದುದರಿಂದ ಒಳ್ಳೆಯ ಗಂಟು ಎಂಬುದು ತನ್ನಷ್ಟಕ್ಕೆ ತಾನೇ ಇರತಕ್ಕ ವಸ್ತುವಲ್ಲ. ಈ ದಾರಕ್ಕೆ, ಈ ಭಾರಕ್ಕೆ, ಈ ಕೆಲಸಕ್ಕೆ ಒಳ್ಳೆಯದು ಎಂದೇ ಹೇಳಬೇಕು.

ಈ ತಿಂಗಳು ನಾವು ಗಾಳದ ಗಂಟನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ರಜೆಯ ದಿನಗಳಲ್ಲಿ ಮಕ್ಕಳೊಡನೆ ಕೆರೆಯ ಏರಿಗೋ ಹೊಳೆಯ ದಡಕ್ಕೋ ಗಾಳದ ಕೋಲನ್ನು ಹಿಡಿದು ಹೋಗುವ ಗೃಹಸ್ಥರು ನಮ್ಮಲ್ಲಿ ಅನೇಕರಿದ್ದಾರೆ. ಎರೆಹುಳುವಿನ ಬದಲು ಕಪ್ಪೆಯ ಅಥವಾ ಮರಿಮೀನಿನ ಆಕಾರದ ಹುಸಿ ಎರೆಗಳೂ, ಒಂದೇ ಎಳೆಯ ನೈಲಾನಿನ ಬದಲು ಹೆಣೆದ ದಾರವೂ ಈಗ ಬಳಕೆಗೆ ಬಂದಿವೆ. ದಾರ ಬದಲಾಯಿತು; ಆದರೆ ಗಂಟು ಮಾತ್ರ ಹಲವರಲ್ಲಿ ಹಳೆಯದೇ ಉಳಿದಿದೆ. ಈ ಹೊಂದಾಣಿಕೆಯಿಲ್ಲದ ಸಂಬಂಧದಿಂದ ಆಗುವ ಹಾನಿಯನ್ನು ತಪ್ಪಿಸುವುದೇ ಈ ಲೇಖನದ ಉದ್ದೇಶವು.

ಕೋಲು ಹಿಡಿದು ಗಾಳ ಹಾಕುವ ವಿನೋದ ನಮ್ಮ ನಾಡಿಗೆ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ಹಿಂದೂದೇಶದ ಮೀನುಗಳನ್ನೂ ಗಾಳದ ಕಲೆಯನ್ನೂ ಕುರಿತು ಬರೆದ ಪ್ರಸಿದ್ಧ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಾಶೀರ್ ಮೀನನ್ನು ಗಾಳದಿಂದ ಹಿಡಿದರು. ಹಿಂದಿನವರ ಕೈಯಲ್ಲಿ ಇದ್ದುದು ಕುದುರೆಯ ಬಾಲದ ಕೂದಲು, ರೇಷ್ಮೆಯ ದಾರ, ರೇಷ್ಮೆಹುಳುವಿನ ಗ್ರಂಥಿಯಿಂದ ಎಳೆದು ಮಾಡಿದ ಗಟ್ಟಿಯಾದ ಎಳೆ, ಇಂತಹವುಗಳು. ಈ ಕೊನೆಯದನ್ನಂತೂ ನಮ್ಮ ಬಾಳೆನಾರಿನಂತೆಯೇ ನೆನೆಸಿ ಮೆದುಮಾಡಿಕೊಂಡು ಗಂಟು ಹಾಕುತ್ತಿದ್ದರು. 1935ರಲ್ಲಿ ಅಮೆರಿಕದಲ್ಲಿ ನೈಲಾನ್ ಹುಟ್ಟಿತು; ಕ್ರಮೇಣ ಗಾಳದವರೆಲ್ಲರೂ ಅದರ ಒಂಟಿ ಎಳೆಯನ್ನು ಹಿಡಿದರು. ಇಂದಿನ ಹೆಣೆದ ದಾರವೋ ಬೇರೊಂದು ದ್ರವ್ಯದ್ದು. 1979ರ ಸುಮಾರಿಗೆ ಹಾಲೆಂಡಿನ ಡಿ. ಎಸ್. ಎಂ. ಸಂಸ್ಥೆಯ ರಸಾಯನಶಾಸ್ತ್ರಜ್ಞರು ಪಾಲಿಎಥಿಲೀನಿನಿಂದ ಅತಿ ಬಲವಾದ ನೂಲನ್ನು ತೆಗೆಯುವ ಉಪಾಯವನ್ನು ಕಂಡುಹಿಡಿದರು. ಅಂತಹ ನಾಲ್ಕು ಅಥವಾ ಎಂಟು ಎಳೆಗಳನ್ನು ಜಡೆಯಂತೆ ಹೆಣೆದದ್ದೇ ಈ ದಾರ.

ಈ ದಾರದ ಗುಣಗಳನ್ನು ಅರಿತವರಿಗೆ ಗಂಟಿನ ಆಯ್ಕೆ ತಾನಾಗಿ ಹೊಳೆಯುವುದು. ಮೊದಲನೆಯದಾಗಿ, ಇದು ಬಹಳ ತೆಳ್ಳಗೆ. ಅಷ್ಟೇ ಬಲದ ನೈಲಾನ್ ಎಳೆಯ ಸುಮಾರು ಅರ್ಧದಷ್ಟು ಮಾತ್ರ ದಪ್ಪ. ಎರಡನೆಯದಾಗಿ, ಇದು ಬಹಳ ನುಣುಪು. ನೈಲಾನಿನ ಸುತ್ತುಗಳು ಬಿಗಿದಾಗ ಒಂದನ್ನೊಂದು ಒತ್ತಿ ಕಚ್ಚಿ ಹಿಡಿಯುತ್ತವೆ. ಈ ದಾರದ ಸುತ್ತುಗಳು ಎಣ್ಣೆ ಹಚ್ಚಿದ ಕೈಗಳಂತೆ ಒಂದರ ಮೇಲೊಂದು ಜಾರುತ್ತವೆ. ಮೂರನೆಯದಾಗಿ, ಇದು ಹಿಗ್ಗುವುದಿಲ್ಲವೆಂದೇ ಹೇಳಬಹುದು. ನೈಲಾನ್ ಹರಿಯುವುದಕ್ಕೆ ಮುಂಚೆ ನೂರಕ್ಕೆ ಇಪ್ಪತ್ತು ಪಾಲಿಗೂ ಮಿಕ್ಕು ಹಿಗ್ಗುವುದುಂಟು. ಇದು ಹಿಗ್ಗುವುದು ಮೂರು ನಾಲ್ಕು ಪಾಲು ಮಾತ್ರ. ಆದುದರಿಂದ ಮೀನು ಒಮ್ಮೆಲೇ ಜಗ್ಗಿದಾಗ ಆ ಪೆಟ್ಟೆಲ್ಲವೂ ನೇರವಾಗಿ ಗಂಟಿನ ಮೇಲೆಯೇ ಬೀಳುವುದು. ನಾಲ್ಕನೆಯದಾಗಿ, ಇದಕ್ಕೆ ಬಿಸಿ ಆಗದು. ನೈಲಾನ್ ಕರಗುವುದಕ್ಕೆ 200 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಶಾಖ ಬೇಕು. ಇದು ಸುಮಾರು 150ರಲ್ಲಿಯೇ ಕರಗುತ್ತದೆ. ಒಣಗಂಟನ್ನು ಸರ್ರನೆ ಎಳೆದರೆ ಉಜ್ಜುವಿಕೆಯಿಂದ ಹುಟ್ಟುವ ಶಾಖವೂ ಈ ಎಳೆಗಳನ್ನು ಕೆಡಿಸಬಲ್ಲದು.

ದಾರದ ಸುರುಳಿಯ ಮೇಲೆ ಇಷ್ಟು ಕಿಲೋ ಎಂದು ಅಚ್ಚುಹಾಕಿರುವ ಬಲವು ಗಂಟಿಲ್ಲದ ದಾರದ್ದು. ನಾವು ದಿನವೂ ಹಾಕುವ ಸಾಮಾನ್ಯ ಒಂಟಿ ಗಂಟನ್ನು ಈ ದಾರಕ್ಕೆ ಹಾಕಿದರೆ ಆ ಬಲವು ಅರ್ಧಕ್ಕೆ ಇಳಿಯುವುದುಂಟು. ಹೆಚ್ಚು ಬೆಲೆಯ ಕೋಲು, ಹೆಚ್ಚು ಬೆಲೆಯ ರೀಲು ಇವೆರಡರ ಶಕ್ತಿಯೂ ಕೊನೆಗೆ ನಿಲ್ಲುವುದು ಅರ್ಧ ಅಂಗುಲದ ಗಂಟಿನಲ್ಲಿಯೇ ಅಲ್ಲವೆ?

ಗಂಟು ಬಿಚ್ಚಿದರೆ ಹೋದದ್ದು ಒಂದು ಮೀನು, ನಾಲ್ಕಾರು ರೂಪಾಯಿ ಎಂದು ಕೆಲವರು ಭಾವಿಸಬಹುದು. ಅದು ಸರಿಯಲ್ಲ. ಹುಸಿ ಎರೆಗೆ ಎರಡು ಮೂರು ಕೊಕ್ಕೆಗಳಿರುತ್ತವೆ. ಒಂದೊಂದು ಕೊಕ್ಕೆಗೆ ಮೂರು ಮೊನೆಗಳು. ದಾರ ಹರಿದುಕೊಂಡು ಹೋದ ಮೀನು ಅವನ್ನೆಲ್ಲ ಬಾಯಲ್ಲಿ ಹೊತ್ತುಕೊಂಡೇ ಹೋಗುವುದು. ಬಾಯಿ ಮುಚ್ಚಲಾರದೆ, ತಿನ್ನಲಾರದೆ ಅದು ನವೆಯುವುದು. ಕಾವೇರಿಯ ಬಿಳಿ ಮೀನು, ಎಂದರೆ ಗೂನುಬೆನ್ನಿನ ಮಹಾಶೀರ್, ಅಳಿವಿನ ಅಂಚಿನಲ್ಲಿರುವ ಜಾತಿಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ ಪಟ್ಟಿಯಲ್ಲಿ ಸೇರಿತು. ಇಂತಹ ಮೀನು ಗಾಳಕ್ಕೆ ಸಿಕ್ಕಿದರೆ ಅದನ್ನು ಬೇಗನೆ ದಡಕ್ಕೆ ತಂದು, ಕೊಕ್ಕೆಯನ್ನು ಬಿಡಿಸಿ, ನೀರಿಗೆ ಬಿಡುವುದೇ ಧರ್ಮ. ಗಂಟು ನಿಲ್ಲದೆ ಹೋದರೆ ಈ ಧರ್ಮವನ್ನು ನಡೆಸುವುದಕ್ಕೂ ಅವಕಾಶವಿರುವುದಿಲ್ಲ. ತಿನ್ನುವುದಕ್ಕೆ ಹಿಡಿಯುವವರಾಗಲಿ, ಬಿಡುವುದಕ್ಕೆ ಹಿಡಿಯುವವರಾಗಲಿ, ಗಂಟು ಭದ್ರವಾಗಿರಬೇಕೆಂಬುದು ಇಬ್ಬರಿಗೂ ಸಮಾನವಾದ ಕರ್ತವ್ಯ.

ಇನ್ನು ಗಂಟುಗಳ ವಿಚಾರ. ಗ್ರಂಥಗಳಲ್ಲಿ ನೂರಾರು ಗಂಟುಗಳುಂಟು. ಗೃಹಸ್ಥನಿಗೆ ಎರಡು ಮೂರು ಸಾಕು.

ಹೆಣೆದ ದಾರವನ್ನು ನೇರವಾಗಿ ಹುಸಿ ಎರೆಗೆ ಕಟ್ಟುವುದಕ್ಕೆ ಮೊದಲು ಕಲಿಯತಕ್ಕದ್ದು ಪಾಲೋಮಾರ್ ಎಂಬ ಗಂಟು. ದಾರದ ತುದಿಯನ್ನು ಒಂದು ಗೇಣಿನಷ್ಟು ಮಡಿಸಿ ಜೋಡಿ ಮಾಡಿಕೊಳ್ಳಬೇಕು. ಆ ಮಡಿಕೆಯನ್ನು ಎರೆಯ ಕಣ್ಣಿನೊಳಗೆ ತೂರಿಸಬೇಕು. ಬಳಿಕ ಜೋಡಿ ದಾರದಿಂದಲೇ ಸಡಿಲವಾಗಿ ಒಂದು ಸಾಮಾನ್ಯ ಗಂಟನ್ನು ಹಾಕಬೇಕು. ಎರೆಯು ಅದರ ಕೆಳಗೆ ತೂಗುತ್ತಿರಲಿ. ಈಗ ಮಡಿಕೆಯ ತುದಿಯಲ್ಲಿ ಉಳಿದ ಕುಣಿಕೆಯನ್ನು ಅಗಲಿಸಿ, ಎರೆಯನ್ನು ಪೂರ್ತಿಯಾಗಿ ಅದರೊಳಗಿಂದ ದಾಟಿಸಬೇಕು. ಕೊನೆಗೆ ಒದ್ದೆಮಾಡಿ, ಮೂಲದಾರವನ್ನೂ ಗಿಡ್ಡ ತುದಿಯನ್ನೂ ಒಟ್ಟಿಗೆ ಮೆಲ್ಲನೆ ಎಳೆದರೆ ಗಂಟು ಕಣ್ಣಿನ ಮೇಲೆ ಕೂಡುವುದು. ಕಣ್ಣಿನೊಳಗೆ ದಾರವು ಜೋಡಿಯಾಗಿ ಹಾಯುವುದರಿಂದ ಜಾರುವುದು ಕಡಿಮೆ, ಕೊಯ್ಯುವುದೂ ಕಡಿಮೆ. ಜೋಡಿ ದಾರಗಳು ಒಂದರ ಮೇಲೊಂದು ಅಡ್ಡಹಾಯದಂತೆ ನೋಡಿಕೊಳ್ಳುವುದೊಂದೇ ಇದರಲ್ಲಿಯ ಜಾಣತನ.

ತಾವರೆಯೂ ಜೊಂಡೂ ತುಂಬಿದ ನಮ್ಮ ಕೆರೆಗಳಲ್ಲಿ ಕೊರವ ಮೀನಿಗೆ ಮೆತ್ತನೆಯ ಕಪ್ಪೆಯನ್ನು ಎಳೆದಾಡಿಸುವವರಿಗೆ ಇದಕ್ಕಿಂತ ತಕ್ಕ ಗಂಟಿಲ್ಲ. ಅಲ್ಲಿ ಮೀನನ್ನು ಗಿಡಗಳ ನಡುವಿನಿಂದ ಬಲವಾಗಿ ಎಳೆದು ತರಬೇಕಾದುದರಿಂದ ನಡುವೆ ಬೇರೆ ದಾರವನ್ನು ಸೇರಿಸದೆ ಹೆಣೆದ ದಾರವನ್ನೇ ನೇರವಾಗಿ ಕಟ್ಟುವುದು ರೂಢಿ. ಕಪ್ಪೆಯ ಎರೆಯಲ್ಲಿ ಕೊಕ್ಕೆಗಳು ಮೈಗೆ ಅಂಟಿಕೊಂಡಿರುವುದರಿಂದ ಕುಣಿಕೆಯೊಳಗೆ ದಾಟಿಸುವುದೂ ಸುಲಭ.

ಆದರೆ ಮರಿಮೀನಿನ ಆಕಾರದ ಉದ್ದನೆಯ ಎರೆಗೆ ಮೂರು ಮೊನೆಯ ಕೊಕ್ಕೆಗಳು ಎರಡೋ ಮೂರೋ ನೇತಾಡುತ್ತಿರುತ್ತವೆ. ಅದನ್ನು ಕುಣಿಕೆಯೊಳಗೆ ದಾಟಿಸಹೊರಟರೆ ಒಂದು ಕೊಕ್ಕೆ ದಾರಕ್ಕೆ, ಇನ್ನೊಂದು ಬೆರಳಿಗೆ ಸಿಕ್ಕುವುದು. ಅಂತಹ ಎರೆಗೆ ಯೂನಿ ಗಂಟು ಮೇಲು. ಎರಡು ಸಲ ಕಣ್ಣಿನೊಳಗೆ ಹಾಯಿಸಿದ ದಾರದ ತುದಿಯನ್ನು ಮೂಲದಾರದ ಪಕ್ಕದಲ್ಲಿ ಹಿಂದಕ್ಕೆ ತಂದು, ಮತ್ತೆ ಕಣ್ಣಿನ ಕಡೆಗೆ ಬಗ್ಗಿಸಿ ಒಂದು ಕುಣಿಕೆ ಮಾಡಬೇಕು. ಆ ತುದಿಯನ್ನು ಎರಡು ದಾರಗಳನ್ನೂ ಬಳಸುವಂತೆ ಕುಣಿಕೆಯೊಳಗಿಂದ ಸುತ್ತಬೇಕು. ನೈಲಾನಿಗೆ ನಾಲ್ಕೈದು ಸುತ್ತು ಸಾಕು. ಹೆಣೆದ ದಾರಕ್ಕೆ ಆರರಿಂದ ಎಂಟು ಬೇಕು. ಒದ್ದೆಮಾಡಿ ತುದಿಯನ್ನೆಳೆದು ಸುತ್ತುಗಳನ್ನು ಕೂಡಿಸಿ, ಆಮೇಲೆ ಮೂಲದಾರವನ್ನೆಳೆದು ಗಂಟನ್ನು ಕಣ್ಣಿನ ಬಳಿಗೆ ಜಾರಿಸಬೇಕು. ನೈಲಾನಿಗೆ ಬಹುಕಾಲದಿಂದ ಬಳಸುತ್ತಿರುವ ಕ್ಲಿಂಚ್ ಎಂಬ ಗಂಟನ್ನು ಮಾತ್ರ ಈ ದಾರಕ್ಕೆ ನೆಚ್ಚಕೂಡದು. ನೋಡುವುದಕ್ಕೆ ಚೆನ್ನಾಗಿದ್ದರೂ ಭಾರ ಬಿದ್ದಾಗ ಜಾರಿಬಿಡುವುದು ಅದರ ಸ್ವಭಾವ.

ತಿಳಿನೀರಿನಲ್ಲಿಯೂ ಕಲ್ಲುಬಂಡೆಗಳ ಹೊಳೆಯಲ್ಲಿಯೂ ಮತ್ತೊಂದು ಕ್ರಮವುಂಟು. ಹೆಣೆದ ದಾರವು ಮೀನಿನ ಕಣ್ಣಿಗೆ ಬೀಳುತ್ತದೆ. ಕಲ್ಲಿಗೆ ಉಜ್ಜಿದರೆ ಬೇಗ ಸವೆಯುತ್ತದೆ. ಆದುದರಿಂದ ಅದರ ಮುಂದೆ ಒಂದೆರಡು ಮೊಳ ನೈಲಾನನ್ನೋ ಫ್ಲೂರೋಕಾರ್ಬನ್ನನ್ನೋ ಸೇರಿಸುತ್ತಾರೆ. ಇದನ್ನು ಅಂಗಡಿಯವರು ಲೀಡರ್ ಎನ್ನುತ್ತಾರೆ. ನಾವು ತುದಿದಾರ ಎನ್ನೋಣ. ಎರಡು ದಾರಗಳನ್ನೂ ಎದುರುಬದುರಾಗಿಟ್ಟು, ಒಂದೊಂದರಿಂದ ಇನ್ನೊಂದರ ಮೇಲೆ ಯೂನಿ ಗಂಟು ಹಾಕಿ, ಎರಡು ಗಂಟುಗಳನ್ನೂ ಎಳೆದು ಕೂಡಿಸಿದರೆ ಜೋಡಿ ಯೂನಿಯಾಯಿತು. ಹೆಣೆದ ದಾರದ ಕಡೆ ಎಂಟು ಸುತ್ತು, ತುದಿದಾರದ ಕಡೆ ನಾಲ್ಕೈದು. ಎಫ್. ಜಿ. ಎಂಬ ಇನ್ನೊಂದು ಬೆಸುಗೆಯಲ್ಲಿ ಹೆಣೆದ ದಾರವನ್ನು ತುದಿದಾರದ ಮೇಲೆ ಮೇಲುಕೆಳಗಾಗಿ ಸುಮಾರು ಇಪ್ಪತ್ತು ಸಲ ಹೆಣೆದು ಬಿಗಿಯುತ್ತಾರೆ. ಅದು ಬಹಳ ತೆಳ್ಳಗಿದ್ದು ಕೋಲಿನ ಬಳೆಗಳೊಳಗೆ ತಡೆಯಿಲ್ಲದೆ ಓಡುವುದು. ಆದರೆ ಬರಿಯ ಮಾತಿನಿಂದ ಬರತಕ್ಕದ್ದಲ್ಲ, ಬಲ್ಲವರ ಕೈಯನ್ನು ನೋಡಿ ಕಲಿಯಬೇಕು.

ತುದಿದಾರವಿದ್ದಾಗ ಎರೆಗೆ ಬಿಗಿಗಂಟಿನ ಬದಲು ಜಾರದ ಸಣ್ಣ ಕುಣಿಕೆಯನ್ನು ಹಾಕುವುದು ಲೇಸು. ಬಿಗಿಗಂಟು ಎರೆಯ ಮೂಗನ್ನು ಹಿಡಿದಂತೆ. ಕುಣಿಕೆಯಲ್ಲಿ ಅದು ಸ್ವತಂತ್ರವಾಗಿ ಓಲಾಡಿ ಜೀವಂತ ಮರಿಯಂತೆ ತೋರುವುದು. ಎರೆಯ ಮೂಗಿಗೆ ಎರಡು ಸುತ್ತಿನ ಉಕ್ಕಿನ ಬಳೆಯಿದ್ದರೆ ಕುಣಿಕೆ ಬೇಕಾಗುವುದಿಲ್ಲ, ಬಿಗಿಗಂಟೇ ಸಾಕು. ಆದರೆ ಆ ಬಳೆಯ ತಂತಿಯ ತುದಿ ಕೊನೆಗೊಳ್ಳುವ ಸಂದಿಯೊಳಗೆ ದಾರ ಸೇರದಂತೆ ಎಚ್ಚರವಿರಬೇಕು. ತೆಳ್ಳನೆಯ ಹೆಣೆದ ದಾರವು ಅಲ್ಲಿ ಸೇರಿಕೊಂಡರೆ ಆ ಅಂಚು ಅದನ್ನು ಕತ್ತರಿಯಂತೆ ಕೊಯ್ಯುವುದು.

ಎಲ್ಲ ಗಂಟುಗಳಿಗೂ ಸಲ್ಲುವ ಕೆಲವು ನಿಯಮಗಳಿವೆ. ಬಿಗಿಯುವ ಮುಂಚೆ ನೀರಿನಿಂದ ಒದ್ದೆಮಾಡಬೇಕು. ನಿಧಾನವಾಗಿ, ಸಮವಾಗಿ ಎಳೆಯಬೇಕು. ಹೆಣೆದ ದಾರವನ್ನು ಬರಿಯ ಬೆರಳಿಗೆ ಸುತ್ತಿ ಜಗ್ಗಕೂಡದು, ಅದು ಚರ್ಮವನ್ನು ಕೊಯ್ಯುವುದು. ಒಂದು ಕಡ್ಡಿಗೆ ಸುತ್ತಿಕೊಂಡು ಎಳೆಯಬೇಕು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡತಕ್ಕದ್ದು. ಗಿಡ್ಡ ತುದಿಯನ್ನು ಹರಿತವಾದ ಕತ್ತರಿಯಿಂದ ಕಾಲು ಅಂಗುಲದಷ್ಟು ಬಿಟ್ಟು ಕತ್ತರಿಸಬೇಕು; ಬೆಂಕಿಯಿಂದ ಸುಡಹೋಗಿ ಗಂಟನ್ನೇ ಕರಗಿಸಿಕೊಳ್ಳಬಾರದು. ಮೀನು ಹಿಡಿದಾದ ಮೇಲೆಯೂ, ಕಲ್ಲಿಗೆ ಉಜ್ಜಿದ ಮೇಲೆಯೂ ಕೊನೆಯ ಒಂದು ಗೇಣನ್ನು ಬೆರಳಿನಿಂದ ಸವರಿ ನೋಡಿ, ನವಿರೆದ್ದಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಬೇಕು.

ಯಾವ ಗಂಟು ಉತ್ತಮವೆಂಬ ವಾದವನ್ನು ಮುಗಿಸುವುದಕ್ಕೆ ಮನೆಯಲ್ಲಿಯೇ ಸುಲಭವಾದ ಪರೀಕ್ಷೆಯುಂಟು. ಮೊನೆಗಳನ್ನು ಕಳಚಿದ ಎರೆಯನ್ನೋ ಒಂದು ಉಕ್ಕಿನ ಬಳೆಯನ್ನೋ ಹಿತ್ತಿಲಿನ ಗಟ್ಟಿ ಕೊಂಬೆಗೆ ಭದ್ರಪಡಿಸಿ, ಅದಕ್ಕೆ ದಾರವನ್ನು ಕಟ್ಟಬೇಕು. ದಾರದ ಇನ್ನೊಂದು ತುದಿಯನ್ನು ಬಕೆಟ್ಟಿನ ಹಿಡಿಗೆ ಹತ್ತು ಹನ್ನೆರಡು ಸುತ್ತು ಸುತ್ತಿ ಕಟ್ಟಿ, ಬಕೆಟ್ಟು ನೆಲದಿಂದ ನಾಲ್ಕು ಬೆರಳು ಮಾತ್ರ ಮೇಲಿರುವಂತೆ ತೂಗಬಿಡಬೇಕು. ಆಮೇಲೆ ಒಂದೊಂದೇ ಲೀಟರ್ ನೀರು ಸುರಿಯಬೇಕು. ಒಂದು ಲೀಟರ್ ಎಂದರೆ ಒಂದು ಕಿಲೋ. 10 ಕಿಲೋ ಬಲದ ದಾರವು ಬಕೆಟ್ಟಿನ ತೂಕವೂ ಸೇರಿ ಏಳೆಂಟು ಕಿಲೋವರೆಗೆ ನಿಂತರೆ ಗಂಟು ಒಳ್ಳೆಯದು. ಹರಿದ ತುದಿಯನ್ನೂ ನೋಡಬೇಕು: ಅದು ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿತು, ಸುತ್ತುಗಳನ್ನು ಹೆಚ್ಚಿಸಬೇಕು, ಕುಚ್ಚಿನಂತೆ ಬಿರಿದಿದ್ದರೆ ದಾರ ಕಡಿಯಿತು, ಕಟ್ಟುವಾಗ ಅಡ್ಡಹಾಯಿತೆ ಅಥವಾ ಒಣಗಿತ್ತೆ ಎಂದು ವಿಚಾರಿಸಬೇಕು. ಒಂದೇ ಸಲಕ್ಕೆ ತೀರ್ಮಾನಿಸದೆ ಒಂದೊಂದು ಗಂಟನ್ನೂ ಐದಾರು ಸಲ ಪರೀಕ್ಷಿಸತಕ್ಕದ್ದು. ಆಗ ಒಂದು ಸತ್ಯವು ಗೊತ್ತಾಗುವುದು: ಪುಸ್ತಕದಲ್ಲಿ ಹೊಗಳಿದ ಕಠಿನ ಗಂಟನ್ನು ಅರೆಬರೆಯಾಗಿ ಕಟ್ಟುವುದಕ್ಕಿಂತ, ಕೈಗೆ ಬಂದ ಸುಲಭ ಗಂಟನ್ನು ಪ್ರತಿಸಲವೂ ಒಂದೇ ರೀತಿಯಾಗಿ ಕಟ್ಟುವುದು ಹೆಚ್ಚು ಭದ್ರ. ಆದುದರಿಂದ ಮೊದಲು ಪಾಲೋಮಾರನ್ನು ಕಲಿಯಿರಿ. ಕಣ್ಣುಮುಚ್ಚಿಕೊಂಡು ಕಟ್ಟಲು ಬಂದಮೇಲೆ ಯೂನಿಯನ್ನು ಹಿಡಿಯಿರಿ.

ಕೊನೆಯದಾಗಿ ಒಂದು ಅರಿಕೆ. ಅಭಯಾರಣ್ಯಗಳ ನೀರಿಗೂ ಇತರರ ಹಕ್ಕಿನ ಕೆರೆಗಳಿಗೂ ಅನುಮತಿಯಿಲ್ಲದೆ ಗಾಳ ಹಾಕಕೂಡದು. ಕತ್ತರಿಸಿದ ದಾರದ ಚೂರುಗಳನ್ನು ದಡದಲ್ಲಿ ಬಿಸಾಡಲೂ ಕೂಡದು. ಈ ದಾರವು ಕೊಳೆಯುವುದಿಲ್ಲ, ನೀರಿನಲ್ಲಿ ಮುಳುಗುವುದೂ ಇಲ್ಲ. ನೀರಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಅದೂ ಒಂದು ಗಂಟೇ, ಬಿಚ್ಚುವುದಕ್ಕೆ ಅವಕ್ಕೆ ಕೈಗಳಿಲ್ಲ. ಚೂರುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತರುವ ಅಭ್ಯಾಸವನ್ನು, ಗಂಟು ಕಲಿಸುವ ದಿನವೇ ಮಕ್ಕಳಿಗೂ ಕಲಿಸಿಬಿಡುವುದು ಒಳ್ಳೆಯದು.