ಹಳದಿ ಬೋರ್ಡ್ ಇಟ್ಟರೆ ಮುಗೀತಾ?

ಕುವೆಂಪುನಗರದಲ್ಲಿ ಬೆಳಗಾಗೋದೇ ನೀರಿನಿಂದ. ಅಂಗಡಿ ಬಾಗಿಲು ತೆಗೆದ ತಕ್ಷಣ ಮೆಟ್ಟಿಲಿಗೆ ಒಂದು ಬಕೆಟ್ ನೀರು ಸುರಿದು ಗುಡಿಸ್ತಾರೆ, ರಂಗೋಲಿ ಹಾಕ್ತಾರೆ. ಬ್ಯಾಂಕು, ಕ್ಲಿನಿಕ್, ಹೋಟೆಲ್ ಒಳಗೆ ನೆಲ ಒರೆಸುವ ಕೆಲಸ ಶುರುವಾಗುತ್ತೆ. ಹಿಂದೆಯೇ ಬರುತ್ತೆ ಆ ಹಳದಿ ಬೋರ್ಡ್: ಜಾರಿ ಬೀಳುತ್ತಿರುವ ಮನುಷ್ಯನ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ‘ವೆಟ್ ಫ್ಲೋರ್’.

ಈ ಬೋರ್ಡನ್ನು ನಾವು ಗೇಲಿ ಮಾಡುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಎಲ್ಲವೂ ಒದ್ದೆ ನೆಲದಿಂದಲ್ಲ, ನಿಜ. ಆದರೆ ನಮಗೆ ಪ್ಯಾಂಟ್ ಒದ್ದೆಯಾಗಿ, ಗೆಳೆಯರು ನಕ್ಕು ಮುಗಿಯುವ ಪ್ರಸಂಗ ಎಪ್ಪತ್ತು ದಾಟಿದ ಅಜ್ಜಿಗೆ ಸೊಂಟದ ಮೂಳೆ ಮುರಿತ.

ನಮ್ಮ ತಕರಾರು ಬೇರೆ. ಬೆಳಿಗ್ಗೆ ಇಟ್ಟ ಬೋರ್ಡು ನೆಲ ಒಣಗಿದ ಮೇಲೂ ಸಂಜೆವರೆಗೆ ಅಲ್ಲೇ ನಿಂತಿರುತ್ತೆ. ‘ಹುಲಿ ಬಂತು ಹುಲಿ’ ಕಥೆ ಗೊತ್ತಲ್ಲ? ದಿನಾ ಸುಳ್ಳು ಹೇಳೋ ಬೋರ್ಡು ನಿಜ ಹೇಳಿದ ದಿನವೂ ಯಾರೂ ನಂಬಲ್ಲ.

ಇನ್ನೊಂದು ಮಾತು. ಅಪಾಯ ತಡೆಯೋಕೆ ಒಂದು ಕ್ರಮ ಇದೆ: ಮೊದಲು ಅಪಾಯವನ್ನೇ ತೆಗೆ, ಆಗದಿದ್ದರೆ ಬದಲಿ ವ್ಯವಸ್ಥೆ ಮಾಡು, ಆಮೇಲೆ ಎಂಜಿನಿಯರಿಂಗ್‌ನಿಂದ ತಡೆ, ನಂತರ ಎಚ್ಚರಿಕೆ, ನಿಯಮ, ಕೊನೆಗೆ ಬೂಟು, ಹೆಲ್ಮೆಟ್ಟು. ಬೋರ್ಡ್ ಇರೋದು ನಾಲ್ಕನೇ ಮೆಟ್ಟಿಲಲ್ಲಿ. ನಾವು ಮೊದಲ ಮೂರನ್ನೂ ಹಾರಿ ನೇರ ಅಲ್ಲಿಗೇ ಬಂದು ಕೂತಿದ್ದೀವಿ.

ಕನ್ನಡಿಯಂಥ ನೆಲದ ಮೇಲೆ ತೆಳುವಾದ ನೀರಿನ ಪದರ ಸಾಕು, ಚಪ್ಪಲಿಗೂ ಟೈಲಿಗೂ ಇರಬೇಕಾದ ಹಿಡಿತ ಹೋಗುತ್ತೆ. ಅಮೆರಿಕದ ಟೈಲ್ ಮಾನದಂಡದಲ್ಲಿ, ಒದ್ದೆಯಾದಾಗಲೂ ಜನ ಓಡಾಡುವ ಒಳಾಂಗಣದ ಸಮತಟ್ಟು ನೆಲಕ್ಕೆ ಚಲನ ಘರ್ಷಣಾಂಕ ಕನಿಷ್ಠ 0.42 ಇರಬೇಕು. ಟೈಲ್ ಅಂಗಡಿಯಲ್ಲಿ ನಾವು ಕೇಳೋದು ಮಾತ್ರ ರೇಟು ಮತ್ತು ಹೊಳಪು. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ಕೂಡ ನೆಲದ ಮೇಲೆ ಜಾರಿಸುವಂಥದ್ದು ಇರಬಾರದು ಎನ್ನುತ್ತಿತ್ತು. ಬೋರ್ಡ್ ಇಟ್ಟು ಕೈತೊಳೆದುಕೊಳ್ಳಿ ಎನ್ನುತ್ತಿರಲಿಲ್ಲ.

ಯಾರಾದರೂ ಬಿದ್ದರೆ ಮೊದಲು ಬೈಗುಳ ತಿನ್ನೋದು ನೆಲ ಒರೆಸಿದ ಅಕ್ಕ. ಮೂರು ಮಹಡಿಗೆ ಒಂದೇ ಬೋರ್ಡ್ ಕೊಟ್ಟವರನ್ನು, ಬಾಗಿಲಲ್ಲೇ ಪಾಲಿಶ್ ಗ್ರಾನೈಟ್ ಹಾಕಿಸಿದವರನ್ನು ಯಾರೂ ಕೇಳಲ್ಲ.

ನಾವು ಕೇಳೋದು ದೊಡ್ಡದೇನಲ್ಲ. ಪ್ರವೇಶದ್ವಾರಕ್ಕೆ, ಮೆಟ್ಟಿಲಿಗೆ ಒರಟು ಟೈಲು. ಮಳೆಗಾಲದಲ್ಲಿ ಬಾಗಿಲಿಗೆ ನೀರು ಹೀರುವ ಮ್ಯಾಟು. ಅರ್ಧ ದಾರಿ ಒಣಗಿರುವಂತೆ ಒಂದೊಂದೇ ಬದಿ ಒರೆಸುವಷ್ಟು ಸಮಯ. ಪ್ರತಿ ಬಕೆಟ್ಟಿಗೊಂದು ಬೋರ್ಡು, ಒಣಗಿದ ಕೂಡಲೇ ಅದು ಎತ್ತಬೇಕು. ಅದರ ಮೇಲೆ ಕನ್ನಡದಲ್ಲಿ ದಪ್ಪಕ್ಷರ: ‘ನೋಡ್ಕೊಂಡು ನಡೀರಿ, ನೆಲ ಜಾರುತ್ತೆ.’

ನಾಳೆ ಕಟ್ಟಡ ಕಟ್ಟೋರು, ಟೈಲ್ ಆರಿಸೋರು ನಾವೇ. ಆಗ ಹೊಳಪಿಗಿಂತ ಮೊದಲು ಘರ್ಷಣಾಂಕ ಕೇಳೋಣ.