ಮೇಜಿನ ಕೆಳಗೊಂದು ರೌಟರ್

ಮಾರ್ಚ್ ತಿಂಗಳ ಕೊನೆಯ ವಾರ. ಬೈಲಹೊಂಗಲ ತಾಲ್ಲೂಕಿನ ಒಂದು ಪಿಕೆಪಿಎಸ್‌ನಲ್ಲಿ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ನನಗೆ ಡೇಟಾ ಎಂಟ್ರಿ ಕೆಲಸ ಸಿಕ್ಕು ಎರಡು ತಿಂಗಳಾಗಿತ್ತು. ಬೆಳೆಸಾಲ ತುಂಬುವ ಗಡುವು ಹತ್ತಿರ ಬಂದಿತ್ತು. ಬಾಗಿಲು ತೆರೆಯುವ ಮೊದಲೇ ರೈತರು ಬಂದು ಕಟ್ಟೆಯ ಮೇಲೆ ಕೂತಿದ್ದರು. ಹತ್ತೂವರೆ ಹೊತ್ತಿಗೆ ಕಚೇರಿಯ ನಾಲ್ಕು ಕಂಪ್ಯೂಟರ್‌ಗಳಲ್ಲಿ ಎರಡು ನಿಂತವು. ಸ್ವಲ್ಪ ಹೊತ್ತಿಗೆ ಮೂರನೆಯದೂ ನಿಂತಿತು. 'ಲೈನ್ ಹೋಗೇತಿ' ಎಂದರು ಸೆಕ್ರೆಟರಿ ಸಾಹೇಬರು. ಬೆಳಗಾವಿಯ ಟೆಕ್ನಿಶಿಯನ್‌ಗೆ ಫೋನ್ ಹೋಯಿತು.

ಲೈನ್ ಹೋಗಿರಲಿಲ್ಲ. ಹಿಂದಿನ ಸಂಜೆ ನಾನು ಮನೆಯಿಂದ ತಂದು ನನ್ನ ಮೇಜಿನ ಕೆಳಗೆ ಇಟ್ಟಿದ್ದ ಹಳೆಯ ವೈ-ಫೈ ರೌಟರ್ ಆ ಕೆಲಸ ಮಾಡಿತ್ತು.

ನಾನೇನೂ ಕೆಟ್ಟ ಉದ್ದೇಶದಿಂದ ತಂದಿರಲಿಲ್ಲ. ಕಚೇರಿಯ ವೈ-ಫೈ ಮುಂದಿನ ಕೋಣೆಯಲ್ಲಿತ್ತು, ನಾನು ಕೂರುತ್ತಿದ್ದುದು ಹಿಂದಿನ ಕೋಣೆಯಲ್ಲಿ. ನಡುವೆ ಹಳೇ ಕಾಲದ ದಪ್ಪ ಕಲ್ಲಿನ ಗೋಡೆ. ಫೋನ್‌ನಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ಮನೆಯಲ್ಲಿ ಹೊಸ ಫೈಬರ್ ಕನೆಕ್ಷನ್ ಬಂದ ಮೇಲೆ ಹಳೆಯ ರೌಟರ್ ಸುಮ್ಮನೆ ಬಿದ್ದಿತ್ತು. ಅದನ್ನು ತಂದು, ಗೋಡೆಯಲ್ಲಿದ್ದ ಲ್ಯಾನ್ ಕೇಬಲ್ಲಿಗೆ ಹಚ್ಚಿದೆ. ಹಿಂದಿನ ಕೋಣೆಯಲ್ಲಿ ಸಿಗ್ನಲ್ ತುಂಬಿ ಬಂತು. 'ನಾನೂ ಇಂಜಿನಿಯರೇ' ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ಮರುದಿನ ನಡೆದದ್ದು ಏನೆಂದು ಆಮೇಲೆ ಕಲಿತೆ. ಕಚೇರಿಯ ಜಾಲದಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಬೇಕು. ಬೆಳಿಗ್ಗೆ ಚಾಲೂ ಆದ ಕೂಡಲೇ ಅದು 'ನನಗೊಂದು ವಿಳಾಸ ಕೊಡಿ, ಹೊರಗೆ ಹೋಗುವ ದಾರಿ ಯಾವುದು ಹೇಳಿ' ಎಂದು ಜಾಲದಲ್ಲಿ ಕೂಗು ಹಾಕುತ್ತದೆ. ಉತ್ತರ ಕೊಡುವ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ಮೊದಲು ಉತ್ತರ ಕೊಟ್ಟವರ ಮಾತನ್ನು ಕಂಪ್ಯೂಟರ್ ನಂಬುತ್ತದೆ. ಕೊಟ್ಟವರು ಯಾರೆಂದು ವಿಚಾರಿಸುವುದಿಲ್ಲ. ಕಚೇರಿಯ ರೌಟರ್ ಈ ಕೆಲಸ ಮಾಡುತ್ತಿತ್ತು. ನಾನು ತಂದ ರೌಟರ್ ಕೂಡ ಅದೇ ಕೆಲಸ ಶುರು ಮಾಡಿತು. ಸಾಲದ್ದಕ್ಕೆ ಎರಡಕ್ಕೂ 192.168.1.1 ಎಂಬ ಒಂದೇ ವಿಳಾಸ. ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಇಬ್ಬರು ಕಂಟ್ರೋಲರ್‌ಗಳು ಮೈಕ್ ಹಿಡಿದು, ಒಬ್ಬರು ಸವದತ್ತಿ ಬಸ್ ಈ ಕಡೆ ಎಂದೂ ಇನ್ನೊಬ್ಬರು ಆ ಕಡೆ ಎಂದೂ ಕೂಗಿದರೆ ಏನಾದೀತು? ಅರ್ಧ ಜನ ಬಸ್ಸೇ ಬರದ ಕಡೆ ನಿಂತಿರುತ್ತಾರೆ. ನಮ್ಮ ಕಂಪ್ಯೂಟರ್‌ಗಳೂ ಹಾಗೆಯೇ ನಿಂತವು.

ಸರದಿಯಲ್ಲಿ ಒಬ್ಬ ಹಿರಿಯರಿದ್ದರು. ಧೋತರದ ಸೆರಗಿನಲ್ಲಿ ದುಡ್ಡು ಕಟ್ಟಿಕೊಂಡು ಬಂದಿದ್ದರು. ಗಡುವಿನೊಳಗೆ ತುಂಬಿದರೆ ಬೆಳೆಸಾಲಕ್ಕೆ ಬಡ್ಡಿಯಿಲ್ಲ, ದಾಟಿದರೆ ಬಡ್ಡಿ ಬೀಳುತ್ತದೆ. ನಮ್ಮ ರಾಜ್ಯದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಗಡುವು ಮಾತ್ರ ಚೆನ್ನಾಗಿ ಗೊತ್ತಿತ್ತು. ನನ್ನ ಹತ್ತಿರ ಬಂದು ಕೇಳಿದರು: 'ತಮ್ಮಾ, ಇವತ್ತ ಆಗತೈತಿಲ್ಲೋ? ನಾಳೆ ಬರಾಕ ನನಗ ಆಗೂದಿಲ್ಲ.'

'ಆಗತೈತಿ ಕಾಕಾ, ಕುಂಡರ್ರಿ' ಎಂದೆ. ಆ ಹೊತ್ತಿಗೆ ನನಗೆ ಅನುಮಾನ ಶುರುವಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಮೆಲ್ಲಗೆ ಕೇಬಲ್ ಕಿತ್ತು, ರೌಟರನ್ನು ಚೀಲಕ್ಕೆ ಹಾಕಿದೆ. ಕಂಪ್ಯೂಟರ್‌ಗಳನ್ನು ಆರಿಸಿ ಹಚ್ಚಿದ ಮೇಲೆ ಎಲ್ಲವೂ ಸರಿಯಾಯಿತು. ಕಾಕಾರ ಸಾಲ ಅಂದೇ ಜಮಾ ಆಯಿತು, ಆದರೆ ಅವರು ಕಟ್ಟೆಯ ಮೇಲೆ ನಾಲ್ಕು ತಾಸು ಕೂತಿದ್ದರು.

ಸಂಜೆ ಬಂದ ಟೆಕ್ನಿಶಿಯನ್ ಹತ್ತು ನಿಮಿಷ ನೋಡಿ, 'ಇಲ್ಲೆ ಇನ್ನೊಂದು ರೌಟರ್ ಇತ್ರಿ' ಎಂದರು. ಆಗ ಒಪ್ಪಿಕೊಂಡೆ. ಸೆಕ್ರೆಟರಿ ಸಾಹೇಬರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟೇ: 'ನೀ ಕೇಳಿದ್ರ ನಾ ಬ್ಯಾಡ ಅಂತಿದ್ದೆ. ಅದಕ್ಕ ನೀ ಕೇಳಲಿಲ್ಲ. ಹೌದಿಲ್ಲೋ?'

ಹೌದು. ಈ ಲೇಖನ ಬರೆಯಲು ಕಾರಣ ಆ ಮಾತೇ. ಅದರಲ್ಲಿ ನನ್ನ ತಪ್ಪೂ ಇದೆ, ಕಚೇರಿಗಳ ತಪ್ಪೂ ಇದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ನಮ್ಮಂಥ ಪದವೀಧರರಿಗೆ ಮೊದಲ ಕೆಲಸ ಸಿಗುವುದು ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಲ್ಲ. ಸೌಹಾರ್ದ ಸಂಘ, ಪಿಕೆಪಿಎಸ್, ಶಾಲೆಯ ಆಫೀಸು, ಸಕ್ಕರೆ ಕಾರ್ಖಾನೆಯ ತೂಕದ ಕಾಟಾ, ಸೀರೆ ಅಂಗಡಿ, ಗ್ರಾಮ ಒನ್ ಕೇಂದ್ರ. ಇಂಥ ಕಡೆ ಕಂಪ್ಯೂಟರ್ ಇಲಾಖೆ ಎಂಬುದು ಇರುವುದಿಲ್ಲ. 'ಕಂಪ್ಯೂಟರ್ ಬಲ್ಲ ಹುಡುಗ' ಒಬ್ಬ ಇರುತ್ತಾನೆ, ಅಷ್ಟೇ. ಪ್ರಿಂಟರ್ ಕೆಟ್ಟರೂ ಅವನೇ, ನೆಟ್ ನಿಂತರೂ ಅವನೇ. ಸಂಬಳ ಕಡಿಮೆ, ನಂಬಿಕೆ ಜಾಸ್ತಿ. ಆ ನಂಬಿಕೆಯೇ ನಮಗೆ 'ಎಲ್ಲವನ್ನೂ ಮುಟ್ಟಬಹುದು' ಎಂಬ ಧೈರ್ಯ ಕೊಡುತ್ತದೆ.

ಗೆಳೆಯರಿಗೆ ನನ್ನ ಕಥೆ ಹೇಳಿದಾಗ ಅವರವರ ಕಥೆಗಳೂ ಹೊರಬಂದವು. ಕಿತ್ತೂರಿನ ಕಡೆ ಶಾಲೆಯೊಂದರ ಆಫೀಸಿನಲ್ಲಿರುವವನು ರಿಪೀಟರ್ ಹಚ್ಚಿ, ನೆಟ್ ಮೊದಲಿಗಿಂತ ನಿಧಾನವಾಯಿತೆಂದು ತಲೆ ಕೆರೆದುಕೊಂಡಿದ್ದ. ಒಂದೇ ರೇಡಿಯೊ ಇರುವ ಅಗ್ಗದ ರಿಪೀಟರ್ ಕೇಳಿಸಿಕೊಂಡದ್ದನ್ನೇ ಮತ್ತೊಮ್ಮೆ ಹೇಳಬೇಕು. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಾಮದುರ್ಗದ ಸೀರೆ ಅಂಗಡಿಯಲ್ಲಿರುವವನು ತಾನು ತಂದ ರೌಟರಿನ ಪಾಸ್‌ವರ್ಡನ್ನು ಗಿರಾಕಿಗಳಿಗೆಂದು ಕೌಂಟರಿಗೆ ಅಂಟಿಸಿದ್ದ. ಅಂಗಡಿಯ ಬಿಲ್ಲು, ಸಾಲದ ಲೆಕ್ಕ ಇರುವ ಕಂಪ್ಯೂಟರ್ ಕೂಡ ಅದೇ ಜಾಲದಲ್ಲಿತ್ತು. ಸವದತ್ತಿಯ ಗೆಳತಿ ಮಾತ್ರ ಮಾಲೀಕರನ್ನು ಕೇಳಿ, ಅವರ ಎದುರಿಗೇ ಹಚ್ಚಿದ್ದಳು. ಅವಳಿಗೆ ಹೇಳಿಕೊಳ್ಳುವಂಥ ಕಥೆಯೇ ಇರಲಿಲ್ಲ.

'ನಿನಗೆ ಸರಿಯಾಗಿ ಹಚ್ಚಲು ಬರಲಿಲ್ಲ, ಅದಕ್ಕೆ ಕೆಟ್ಟಿತು' ಎಂದು ಕೆಲವರು ಹೇಳಿದರು. ನಿಜ, ಕೇಬಲನ್ನು ಲ್ಯಾನ್ ಪೋರ್ಟಿನ ಬದಲು ವ್ಯಾನ್ ಪೋರ್ಟಿಗೆ ಹಚ್ಚಿ, ರೌಟರಿನ ವಿಳಾಸ ಬದಲಿಸಿದ್ದರೆ ಅಂದು ಯಾವ ಕಂಪ್ಯೂಟರೂ ನಿಲ್ಲುತ್ತಿರಲಿಲ್ಲ. ಆದರೆ ಅದು ಇನ್ನೂ ಅಪಾಯ ಎಂದು ನನ್ನ ಅಭಿಪ್ರಾಯ. ಹಾಗೆ ಹಚ್ಚಿದಾಗ ನನ್ನ ರೌಟರಿನ ಹಿಂದಿರುವ ಎಲ್ಲ ಫೋನು, ಲ್ಯಾಪ್‌ಟಾಪ್‌ಗಳು ಕಚೇರಿಯ ಜಾಲಕ್ಕೆ ಒಂದೇ ಯಂತ್ರವಾಗಿ ಕಾಣುತ್ತವೆ. ಯಾರು ಏನು ಮಾಡಿದರೆಂದು ಉಸ್ತುವಾರಿ ಹೊತ್ತವರಿಗೆ ತಿಳಿಯುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಜಾಡು ಕಚೇರಿಗೆ ಬರುತ್ತದೆ, ಅಲ್ಲಿಂದ ನನ್ನ ಮೇಜಿಗೆ.

ಇದು ಬರೀ ಹೆದರಿಕೆಯ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟ ನಡೆಯಿತು. ಅದಕ್ಕೆ ಸ್ವಲ್ಪ ಮುಂಚೆ ಮಾಧ್ಯಮಗಳಿಗೆ ಬಂದ ಇ-ಮೇಲ್‌ನ ಜಾಡು ಹಿಡಿದು ತನಿಖೆಯವರು ಹೋದದ್ದು ನವಿ ಮುಂಬೈನಲ್ಲಿ ನೆಲೆಸಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಕಳಿಸಿದವರು ಅವರಲ್ಲ, ಅವರ ವೈ-ಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಆದರೂ ವಿಚಾರಣೆ ಎದುರಿಸಬೇಕಾದವರು ಅವರೇ. ಅವರದು ಸ್ವಂತ ಕನೆಕ್ಷನ್. ನಾವು ಹಚ್ಚುವುದು ಇನ್ನೊಬ್ಬರ ಕನೆಕ್ಷನ್ನಿಗೆ.

ಕಾನೂನೂ ಸ್ಪಷ್ಟವಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ ಪ್ರಕಾರ, ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲವನ್ನು ಪ್ರವೇಶಿಸಿದರೆ, ಅದಕ್ಕೆ ಅಡ್ಡಿ ಮಾಡಿದರೆ ಪರಿಹಾರ ಕೊಡಬೇಕಾಗುತ್ತದೆ. ಅದೇ ಕೆಲಸವನ್ನು ಮೋಸದ ಉದ್ದೇಶದಿಂದ ಮಾಡಿದ್ದರೆ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಅಂದರೆ ಜಾಲದಲ್ಲಿ ಯಾರಿದ್ದಾರೆಂದು ತಿಳಿದಿರುವುದು ಈಗ ಸಂಸ್ಥೆಯ ಜವಾಬ್ದಾರಿ. ಮೇಜಿನ ಕೆಳಗೆ ಅಡಗಿಸಿಟ್ಟ ರೌಟರ್ ಆ ಜವಾಬ್ದಾರಿಗೆ ಹಾಕಿದ ಕತ್ತರಿ.

ಇನ್ನೊಂದು ವಿಷಯ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ₹2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊದಲು ರೈತನ ಲೆಕ್ಕ ಲೆಡ್ಜರಿನಲ್ಲಿ, ಬೀಗ ಹಾಕಿದ ಕಪಾಟಿನಲ್ಲಿರುತ್ತಿತ್ತು. ಈಗ ಅದು ಜಾಲದ ಮೇಲಿದೆ. ಸೆಕ್ರೆಟರಿ ಸಾಹೇಬರ ಕಪಾಟಿಗೆ ನಾನು ಹೇಳದೆ ಕೇಳದೆ ಇನ್ನೊಂದು ಕೀಲಿ ಮಾಡಿಸುತ್ತಿದ್ದೆನೇ? ಎಂದಿಗೂ ಇಲ್ಲ. ರೌಟರ್ ಹಚ್ಚಿ ಮಾಡಿದ್ದು ಅದನ್ನೇ. ಕೀಲಿ ಕಣ್ಣಿಗೆ ಕಾಣುತ್ತದೆ, ವೈ-ಫೈ ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ.

ಇಷ್ಟು ಹೇಳಿದ ಮೇಲೆ ಕಚೇರಿಗಳಿಗೂ ಒಂದು ಮಾತು. ಹುಡುಗರು ರೌಟರ್ ಕದ್ದು ತರುವುದು ರೀಲ್ಸ್ ನೋಡುವುದಕ್ಕೆ ಮಾತ್ರವಲ್ಲ. ಕಂಪ್ಯೂಟರ್ ಕೊಟ್ಟು, ಕೆಲಸದ ಗಡುವು ಕೊಟ್ಟು, ಸಿಗ್ನಲ್ ಕೊಡದಿದ್ದರೆ ಅವರು ತಾವೇ ದಾರಿ ಹುಡುಕುತ್ತಾರೆ. 'ಬ್ಯಾಡ' ಎಂಬ ಉತ್ತರ ಮೊದಲೇ ಗೊತ್ತಿದ್ದರೆ ಯಾರೂ ಕೇಳುವುದಿಲ್ಲ. ಬೇಡವೆನ್ನುವುದಾದರೆ ಏಕೆಂದು ಹೇಳಿ, ಬದಲಿಗೆ ಏನು ಮಾಡಬಹುದು ಎಂದೂ ಹೇಳಿ. ಸಣ್ಣ ಕಚೇರಿಯಲ್ಲಿ ಒಂದು ಉದ್ದದ ಕೇಬಲ್, ಒಂದು ಆ್ಯಕ್ಸೆಸ್ ಪಾಯಿಂಟ್, ಬಂದುಹೋಗುವವರ ಫೋನ್‌ಗಳಿಗೆ ಬೇರೆಯದೇ ಗೆಸ್ಟ್ ಜಾಲ ಇದ್ದರೆ ಬಹಳಷ್ಟು ತೊಂದರೆ ಮುಗಿಯುತ್ತದೆ. ಒಂದು ದಿನ ಕೌಂಟರ್ ನಿಂತರೆ ಆಗುವ ನಷ್ಟದ ಮುಂದೆ ಆ ಖರ್ಚು ದೊಡ್ಡದಲ್ಲ.

ಅನುಮತಿ ಸಿಕ್ಕಿತೆಂದುಕೊಳ್ಳಿ. ಆಗ ಹೇಗೆ ಹಚ್ಚಬೇಕೆಂದು ತಿಳಿದಿರುವುದೂ ಅಷ್ಟೇ ಮುಖ್ಯ. ಮೊದಲು ಮನೆಯಲ್ಲೇ ರೌಟರನ್ನು ರಿಸೆಟ್ ಮಾಡಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಡಿಎಚ್‌ಸಿಪಿ ಬಂದ್ ಮಾಡಿ, ಕಚೇರಿಯ ಜಾಲದಲ್ಲಿ ಯಾರೂ ಬಳಸದ ವಿಳಾಸವೊಂದನ್ನು ಅಲ್ಲಿನ ಉಸ್ತುವಾರಿಯವರಿಂದಲೇ ಕೇಳಿ ಪಡೆದು ರೌಟರಿಗೆ ಕೊಡಿ. ಲಾಗಿನ್ ಪಾಸ್‌ವರ್ಡ್ 'ಅಡ್ಮಿನ್' ಎಂದೇ ಇದ್ದರೆ ಬದಲಿಸಿ. ವೈ-ಫೈಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇಡಿ, ಡಬ್ಲ್ಯುಪಿಎಸ್ ಆರಿಸಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6, 11. ಕಚೇರಿಯ ರೌಟರ್ ಒಂದರಲ್ಲಿದ್ದರೆ ನೀವು ಇನ್ನೊಂದನ್ನು ಆರಿಸಿ. ಜನದಟ್ಟಣೆಯ ದಿನ ಮುಟ್ಟಬೇಡಿ. ಕೊನೆಗೆ ರೌಟರಿನ ಮೇಲೆ ಒಂದು ಚೀಟಿ ಅಂಟಿಸಿ: ಯಾರು, ಯಾವ ದಿನ, ಯಾರ ಒಪ್ಪಿಗೆಯಿಂದ ಹಚ್ಚಿದ್ದು.

'ಕೇಳುತ್ತಾ ಕೂತರೆ ಕಲಿಯುವುದು ಯಾವಾಗ?' ಎಂದು ಕೇಳಬಹುದು. ಮನೆಯಲ್ಲಿ ಎರಡು ಹಳೆಯ ರೌಟರ್ ಇಟ್ಟುಕೊಂಡು ಎಷ್ಟು ಬೇಕಾದರೂ ಕೆಡಿಸಿ ಕಲಿಯಿರಿ. ಎರಡಕ್ಕೂ ಒಂದೇ ವಿಳಾಸ ಕೊಟ್ಟು ಜಗಳ ಹಚ್ಚಿ ನೋಡಿ. ಒಂದು ಸಂಜೆಯಲ್ಲಿ ಪುಸ್ತಕದ ಒಂದು ಅಧ್ಯಾಯದಷ್ಟು ತಿಳಿಯುತ್ತದೆ. ನಾನೂ ಆಮೇಲೆ ಕಲಿತದ್ದು ಹಾಗೆಯೇ. ಕಾಕಾ ಸರದಿಯಲ್ಲಿ ಕೂತಿರುವಾಗ ಅವರ ಲೆಕ್ಕದ ಮೇಲೆ ಕಲಿಯುವುದು ಬೇಡ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ರೌಟರ್ ಹಚ್ಚುವುದು ಇವತ್ತು ಎಲ್ಲರಿಗೂ ಬರುತ್ತದೆ. 'ಸರ್, ಇದನ್ನು ಹಚ್ಚಲೇ?' ಎಂದು ಕೇಳುವುದು, ಕೆಟ್ಟಾಗ 'ನನ್ನಿಂದ ಆಯ್ತು' ಎಂದು ಮೊದಲ ಐದು ನಿಮಿಷದಲ್ಲೇ ಹೇಳುವುದು ಕೆಲವರಿಗೇ ಬರುತ್ತದೆ. ಹೇಳದೆ ಹಚ್ಚಿದ್ದು ನನ್ನ ಮೊದಲ ತಪ್ಪು. ಗೊತ್ತಾದ ಮೇಲೂ ಸುಮ್ಮನಿದ್ದದ್ದು ಎರಡನೆಯದು, ಅದೇ ದೊಡ್ಡದು. ಹತ್ತೂವರೆಗೇ ಹೇಳಿದ್ದರೆ ಹನ್ನೊಂದಕ್ಕೆ ಕೌಂಟರ್ ನಡೆಯುತ್ತಿತ್ತು.

ಒಂದು ತಿಂಗಳ ನಂತರ ನಾನು ಕಾಗದದ ಮೇಲೆ ಅರ್ಜಿ ಬರೆದುಕೊಟ್ಟೆ. ಸೆಕ್ರೆಟರಿ ಸಾಹೇಬರು ಸಂಘದ ದುಡ್ಡಿನಲ್ಲೇ ಒಂದು ಆ್ಯಕ್ಸೆಸ್ ಪಾಯಿಂಟ್ ತರಿಸಿದರು. ಟೆಕ್ನಿಶಿಯನ್ ಎದುರಿಗೆ ನಾನೇ ಹಚ್ಚಿದೆ. ಈಗ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಚೆನ್ನಾಗಿದೆ. ಅದು ಮೇಜಿನ ಕೆಳಗಿಲ್ಲ, ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿದೆ.